ಬೇಸ್‌ಬಾಲ್ ಹುಟ್ಟದ ಊರಿನ ಬೇಸ್‌ಬಾಲ್ ಮೈದಾನ

ನಮ್ಮ ಕಡೆ ಊರೂರಿಗೂ ಒಂದು ಸ್ಥಳಪುರಾಣ ಇರುತ್ತೆ. ಭೀಮ ಇಲ್ಲಿ ಉಂಡ, ಸೀತೆ ಇಲ್ಲಿ ಮಿಂದಳು ಅಂತ. ಅಮೆರಿಕದ ಒಂದು ಪುಟ್ಟ ಊರಿಗೂ ಇಂಥದ್ದೊಂದು ಪುರಾಣ ಇದೆ. ಅದನ್ನು ನಂಬಿ ಆ ಊರಿನವರು ಒಂದು ಮೈದಾನವನ್ನೇ ಕಟ್ಟಿದರು. ಇವತ್ತು ಆ ಮೈದಾನದ ಕಥೆ.

ಊರು ಕೂಪರ್ಸ್‌ಟೌನ್. ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ, ಒಂದು ಸರೋವರದ ದಂಡೆಯಲ್ಲಿದೆ. ಜನಸಂಖ್ಯೆ 2,000ಕ್ಕಿಂತ ಕಡಿಮೆ. ಮೈದಾನದ ಹೆಸರು ಡಬಲ್‌ಡೇ ಫೀಲ್ಡ್. ಒಂದು ಕಾಲದಲ್ಲಿ ಅದು ಫಿನ್ನಿ ಅನ್ನೋರ ದನ ಮೇಯುವ ಜಾಗ ಆಗಿತ್ತು.

1905ರಲ್ಲಿ, ಬೇಸ್‌ಬಾಲ್ ಹುಟ್ಟಿದ್ದೆಲ್ಲಿ ಅಂತ ಹುಡುಕೋಕೆ ಒಂದು ಸಮಿತಿ ಮಾಡಿದರು. ಇದರ ಹಿಂದೆ ಇದ್ದವರು ಆಲ್ಬರ್ಟ್ ಸ್ಪಾಲ್ಡಿಂಗ್. ಹಳೇ ಆಟಗಾರ, ಆಮೇಲೆ ಕ್ರೀಡಾ ಸಾಮಗ್ರಿ ವ್ಯಾಪಾರಿ. ಈ ಆಟ ಇಂಗ್ಲೆಂಡಿನಿಂದ ಬಂದದ್ದಲ್ಲ, ಅಪ್ಪಟ ಅಮೆರಿಕದ್ದು ಅಂತ ತೋರಿಸಬೇಕು ಅನ್ನೋದು ಅವರ ಹಟ. ಆಗ ಆಬ್ನರ್ ಗ್ರೇವ್ಸ್ ಅನ್ನೋ ಗಣಿ ಎಂಜಿನಿಯರ್ ಒಂದು ಪತ್ರ ಬರೆದರು. ‘ನಾನು ಹುಡುಗನಾಗಿದ್ದಾಗ ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ ಈ ಆಟ ಕಂಡುಹಿಡಿದರು’ ಅನ್ನೋದು ಅದರ ಸಾರಾಂಶ. ಸಮಿತಿ ಅದನ್ನೇ ಒಪ್ಪಿಕೊಂಡು 1839 ಅಂತ ಇಸವಿಯನ್ನೂ ಹೇಳಿಬಿಟ್ಟಿತು.

ಈಗ ಲೆಕ್ಕ ಹಾಕಿ. 1839ರಲ್ಲಿ ಗ್ರೇವ್ಸ್‌ಗೆ 5 ವರ್ಷ. ಡಬಲ್‌ಡೇ ಆಗ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಓದ್ತಾ ಇದ್ದರು. ಮುಂದೆ ಅಂತರ್ಯುದ್ಧದಲ್ಲಿ ಜನರಲ್ ಆದರು, 1893ರಲ್ಲಿ ತೀರಿಕೊಂಡರು. ಬೇಸ್‌ಬಾಲ್ ನನ್ನದು ಅಂತ ಅವರು ಒಮ್ಮೆಯೂ ಹೇಳಿಕೊಂಡಿಲ್ಲ. ಇವತ್ತು ಇತಿಹಾಸಕಾರರು ಯಾರೂ ಈ ಕಥೆ ನಂಬಲ್ಲ. ಇಂಗ್ಲೆಂಡಿನ ಹಳೇ ದಾಂಡು-ಚೆಂಡಿನ ಆಟಗಳಿಂದ ಬೇಸ್‌ಬಾಲ್ ನಿಧಾನವಾಗಿ ಬೆಳೆದು ಬಂತು.

ಆದರೆ ಊರಿನವರು ನಂಬಿದರು. ಹಳೇ ಹುಲ್ಲುಗಾವಲಲ್ಲಿ 1920ರಿಂದ ಆಟ ಶುರುವಾಯ್ತು. 1923ರಲ್ಲಿ ಊರೇ ಆ ಜಾಗವನ್ನು ಕೊಂಡುಕೊಂಡಿತು. ಮರುವರ್ಷ ಮರದ ಸ್ಟ್ಯಾಂಡ್ ಎದ್ದಿತು.

ಇದರ ಹಿಂದೆ ಹೊಟ್ಟೆಪಾಡೂ ಇತ್ತು. ಆ ಸೀಮೆಯ ದೊಡ್ಡ ಬೆಳೆ ಹಾಪ್ಸ್, ಅಂದ್ರೆ ಬಿಯರ್‌ಗೆ ಕಹಿ ಕೊಡುವ ಹೂವು. ರೋಗ ಬಿತ್ತು, ಪಾನನಿಷೇಧ ಬಂತು, ಬೆಳೆ ಮುಗಿದೇ ಹೋಯ್ತು. ಮೇಲೆ 1930ರ ದಶಕದ ಆರ್ಥಿಕ ಕುಸಿತ. ಆಗ ಸ್ಟೀಫನ್ ಕ್ಲಾರ್ಕ್ ಅನ್ನೋ ಊರಿನ ಶ್ರೀಮಂತರು, ಸಿಂಗರ್ ಹೊಲಿಗೆ ಯಂತ್ರದ ಆಸ್ತಿಯ ವಾರಸುದಾರರು, ಬೇಸ್‌ಬಾಲ್ ಮ್ಯೂಸಿಯಂಗೆ ಕೈಹಾಕಿದರು. 1939ರ ಜೂನ್ 12ರಂದು ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು. ಅದೇ ದಿನ ಡಬಲ್‌ಡೇ ಫೀಲ್ಡ್‌ನಲ್ಲಿ ನಡೆದ ಪಂದ್ಯದಲ್ಲಿ ಬೇಬ್ ರೂತ್ ಬ್ಯಾಟ್ ಹಿಡಿದು ಬಂದರು. ಔಟಾದರು ಬಿಡಿ!

1940ರಿಂದ ಮೇಜರ್ ಲೀಗ್ ತಂಡಗಳು ಪ್ರದರ್ಶನ ಪಂದ್ಯಕ್ಕೆ ಇಲ್ಲಿಗೆ ಬರ್ತಿದ್ದವು. ದೊಡ್ಡ ತಂಡಗಳ ವೇಳಾಪಟ್ಟಿ ಬಿಗಿಯಾಗ್ತಾ ಹೋದ ಹಾಗೆ ಅದು ಕಷ್ಟವಾಯ್ತು. 2008ರದ್ದೇ ಕೊನೇದು ಅಂತ ಘೋಷಿಸಿದರು. ಅದೂ ಮಳೆಗೆ ಕೊಚ್ಚಿಹೋಯ್ತು. ಮರುವರ್ಷದಿಂದ ನಿವೃತ್ತ ಆಟಗಾರರ ಪಂದ್ಯ ಶುರುವಾಯ್ತು.

ಈಗ ಅಲ್ಲಿ ಸುಮಾರು 10,000 ಸೀಟುಗಳಿವೆ. ಊರಿನ ಜನಸಂಖ್ಯೆಯ ಐದು ಪಟ್ಟು! ಆದರೆ ಮೈದಾನ ಇವತ್ತಿಗೂ ಊರಿನದ್ದೇ. ಶಾಲಾ ಹುಡುಗರು, ಹವ್ಯಾಸಿ ತಂಡಗಳು ಅಲ್ಲಿ ಆಡ್ತಾರೆ.

ಕಥೆ ಸುಳ್ಳು ಅಂತ ಗೊತ್ತಾದಾಗ ನನಗೆ ಮೊದಲು ನಗು ಬಂತು. ಆಮೇಲೆ ಅನ್ನಿಸಿತು: 1839ರಲ್ಲಿ ಅಲ್ಲಿ ಏನೂ ನಡೆದಿಲ್ಲ, ಸರಿ. ಆದರೆ 1920ರಿಂದ ಈಚೆಗೆ ನಡೆದದ್ದೆಲ್ಲ ನಿಜ ತಾನೇ? ಸುಳ್ಳನ್ನು ಸುಳ್ಳು ಅಂತಲೇ ಹೇಳೋಣ. ಜೊತೆಗೆ, ಬೆಳೆ ಕಳಕೊಂಡ ಒಂದು ಊರು ಮೈದಾನವನ್ನು ಮಾರದೆ, ನೂರು ವರ್ಷ ತನ್ನ ಕೈಯಲ್ಲೇ ಉಳಿಸಿಕೊಂಡಿದೆ ಅನ್ನೋದನ್ನೂ ಹೇಳೋಣ. ನನ್ನ ಪ್ರಕಾರ ಆ ಊರಿನ ಅಸಲಿ ಇತಿಹಾಸ ಅದೇ.

ನಿಮ್ಮೂರಿನ ಮೈದಾನ ಯಾರ ಹೆಸರಲ್ಲಿದೆ? ಒಮ್ಮೆ ವಿಚಾರಿಸಿ ನೋಡಿ. ಮತ್ತೆ ಸಿಗೋಣ.