ಲಫೆವ್ರ್ ಮನೆತನದ ಹೆಸರು: ಫ್ರಾನ್ಸಿನ ಕಮ್ಮಾರಸಾಲೆಯಿಂದ ಅರಮನೆಯವರೆಗೆ

ಮದುವೆಯಾಗಿ ಮುಂಬಯಿಗೆ ಬಂದ ನಮ್ಮಲ್ಲಿ ಅನೇಕರಿಗೆ ಅರ್ಜಿಯ ಆ ಮೂರು ಖಾನೆಗಳ ಪರಿಚಯ ಚೆನ್ನಾಗಿದೆ. ನಿಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು. ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಕುಲಕರ್ಣಿ, ಬಡಿಗೇರ, ಕಮ್ಮಾರ ಎಂದು ಬರೆಯಲು ಏನಾದರೂ ಇರುತ್ತದೆ. ಹಳೇ ಮೈಸೂರಿನ ಕಡೆಯಿಂದ ಬಂದ ನನ್ನಂಥವರು ಅಪ್ಪನ ಹೆಸರಿನ ಒಂದಕ್ಷರ ಹಿಡಿದುಕೊಂಡು ಬಂದವರು. ಮೂರನೆಯ ಖಾನೆ ಖಾಲಿ ಬಿಟ್ಟರೆ ಅರ್ಜಿ ವಾಪಸ್! ಈ ಕಿರಿಕಿರಿಯಿಂದಲೇ ನನಗೆ ಅಡ್ಡಹೆಸರುಗಳ ಇತಿಹಾಸ ಓದುವ ಚಟ ಹತ್ತಿತು. ಹಾಗೆ ಓದುತ್ತ ಮನಸ್ಸಿನಲ್ಲಿ ಉಳಿದದ್ದು ದೂರದ ಫ್ರಾನ್ಸಿನ ಒಂದು ಹೆಸರು, ಲಫೆವ್ರ್.

ಇದರ ಅರ್ಥ ಕಮ್ಮಾರ ಎಂದೇ. ಲ್ಯಾಟಿನ್ನಿನಲ್ಲಿ 'ಫಾಬೆರ್' ಎಂದರೆ ಕುಶಲಕರ್ಮಿ. ಹಳೆಯ ಫ್ರೆಂಚಿನಲ್ಲಿ ಅದು 'ಫೆವ್ರ್' ಆಗಿ, ಕಬ್ಬಿಣ ಕಾಯಿಸಿ ಬಡಿಯುವವನ ಹೆಸರಾಯಿತು. ಸುಮಾರು 11-12ನೇ ಶತಮಾನದ ತನಕ ಅಲ್ಲಿನ ಜನಸಾಮಾನ್ಯರಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಒಂದೇ ಹೆಸರು. ಜನ ಹೆಚ್ಚಿದರು, ಇಡುವ ಹೆಸರುಗಳು ಮಾತ್ರ ಕೆಲವೇ. ಒಂದೇ ಊರಿನಲ್ಲಿ ಹತ್ತು ಜನ ಜಾನ್, ಎಂಟು ಜನ ಪಿಯೇರ್ ಇದ್ದರೆ ಗುರುತಿಸುವುದು ಹೇಗೆ? ಅಪ್ಪನ ಹೆಸರು, ಊರ ಗುರುತು, ಮೈಬಣ್ಣ, ಕಸುಬು, ಹೀಗೆ ಸಿಕ್ಕಿದ್ದನ್ನು ಸೇರಿಸಿ ಕರೆದರು. ಕಸುಬಿನ ಹೆಸರುಗಳಲ್ಲಿ ಕಮ್ಮಾರನದು ಅಷ್ಟೊಂದು ಹಬ್ಬಲು ಕಾರಣ ಸರಳ. ಊರ ತುಂಬ ರೈತರಿರುವಾಗ 'ರೈತ' ಎಂದು ಕರೆದರೆ ಗುರುತು ಸಿಗುವುದಿಲ್ಲ. ಕಮ್ಮಾರ ಸಾಮಾನ್ಯವಾಗಿ ಊರಿಗೊಬ್ಬನೇ.

ಒಂದೇ ಅರ್ಥದ ಹೆಸರು ಪ್ರಾಂತ್ಯಕ್ಕೊಂದು ರೂಪ ತಾಳಿತು. ಉತ್ತರದಲ್ಲಿ ಲಫೆವ್ರ್, ದಕ್ಷಿಣದಲ್ಲಿ ಫೋರ್ ಮತ್ತು ಫಾಬ್ರ್, ಬ್ರಿಟನಿಯಲ್ಲಿ ಲ ಗೋಫ್, ಜರ್ಮನ್ ಛಾಯೆಯ ಆಲ್ಸೇಸ್‌ನಲ್ಲಿ ಶ್ಮಿಟ್. ಕೀಟಗಳ ಬದುಕನ್ನು ಕಥೆಯಂತೆ ಬರೆದ ಜಾನ್-ಆನ್ರಿ ಫಾಬ್ರ್ ಹೆಸರಿನಲ್ಲಿರುವುದೂ ಇದೇ ಕಮ್ಮಾರ.

ಲಫೆವ್ರ್ ಕಾಗುಣಿತದ ಕಥೆ ಇನ್ನೂ ತಮಾಷೆಯದು. ಬರೆಯುವಾಗ ಇದರ ನಡುವೆ ಒಂದು 'ಬಿ' ಅಕ್ಷರ ಬರುತ್ತದೆ, ಉಚ್ಚಾರದಲ್ಲಿ ಇಲ್ಲ. ಲ್ಯಾಟಿನ್ ಬಲ್ಲ ಬರಹಗಾರರು ಇದರ ಮೂಲ ಫಾಬೆರ್ ಎಂದು ತೋರಿಸಲು ಆ ಅಕ್ಷರವನ್ನು ತುರುಕಿದರು. ಆ ಕಾಲದ ಬರವಣಿಗೆಯಲ್ಲಿ 'ಯು' ಮತ್ತು 'ವಿ' ಎರಡಕ್ಕೂ ಒಂದೇ ಅಕ್ಷರವಿದ್ದುದರಿಂದ ಮುಂದೆ ಕೆಲವರು ಅದನ್ನು ಇದ್ದಂತೆಯೇ ಓದಿ 'ಲಫೆಬ್ಯೂರ್' ಎಂದರು. ತಪ್ಪು ಓದಿನಿಂದ ಹೊಸ ಮನೆತನದ ಹೆಸರೇ ಹುಟ್ಟಿತು. ಇತ್ತ ಆಡುಮಾತಿನಲ್ಲಿ ಕಮ್ಮಾರನಿಗೆ 'ಫೋರ್ಜರೋಂ' ಎಂಬ ಬೇರೆ ಪದ ಬಂದು ಫೆವ್ರ್ ಸತ್ತೇಹೋಯಿತು. ಅಕ್ಕಸಾಲಿಗನನ್ನು ಕರೆಯುವ 'ಓರ್ಫೆವ್ರ್' ಪದದಲ್ಲಿ ಮತ್ತು ಜನರ ಹೆಸರುಗಳಲ್ಲಿ ಮಾತ್ರ ಅದು ಇನ್ನೂ ಜೀವ ಹಿಡಿದುಕೊಂಡಿದೆ.

ಈ ಹೆಸರು ಹೊತ್ತ ಗಂಡಸರ ಪಟ್ಟಿ ಉದ್ದವಿದೆ. ನನ್ನನ್ನು ಹಿಡಿದು ನಿಲ್ಲಿಸಿದವರು ಇಬ್ಬರು ಹೆಂಗಸರು.

ಮೊದಲನೆಯವಳು 17ನೇ ಶತಮಾನದ ಆನ್ ಲಫೆವ್ರ್. ತಂದೆ ತಾನೆಗಿ ಲಫೆವ್ರ್ ಸೋಮ್ಯೂರ್ ಪಟ್ಟಣದಲ್ಲಿ ಗ್ರೀಕ್ ಪಂಡಿತ. ಆತ ಮಗನಿಗೆ ಪಾಠ ಹೇಳುವಾಗ ಪಕ್ಕದಲ್ಲಿ ಕಸೂತಿ ಹಾಕುತ್ತ ಕುಳಿತ ಮಗಳು, ತಮ್ಮ ತಡವರಿಸಿದಾಗ ಉತ್ತರ ಹೇಳಿಕೊಡುತ್ತಿದ್ದಳಂತೆ. ಅದನ್ನು ಕಂಡ ತಂದೆ ಆಕೆಗೂ ಕಲಿಸಿದ ಎಂಬ ಕಥೆ ಪ್ರಸಿದ್ಧ. 1672ರಲ್ಲಿ ತಂದೆ ತೀರಿಕೊಂಡ ಮೇಲೆ ಆಕೆ ಪ್ಯಾರಿಸ್ ಸೇರಿ, 1674ರಲ್ಲಿ ಗ್ರೀಕ್ ಕವಿ ಕಲ್ಲಿಮಾಕಸ್‌ನ ಕೃತಿಯನ್ನು ಸಂಪಾದಿಸಿ ಪ್ರಕಟಿಸಿದಳು. ಲ್ಯಾಟಿನ್ನಿನಲ್ಲಿ ಆಕೆ ತನ್ನನ್ನು ಗುರುತಿಸಿಕೊಂಡದ್ದು 'ಅನ್ನಾ, ತಾನಕ್ವಿಲ್ ಫಾಬೆರನ ಮಗಳು' ಎಂದು. ಮನೆತನದ ಹೆಸರು ಮರಳಿ ಅದರ ಮೂಲ ಲ್ಯಾಟಿನ್ನಿಗೇ ಹೋದಂತಾಯಿತು. 1683ರಲ್ಲಿ ತಂದೆಯ ಶಿಷ್ಯನಾಗಿದ್ದ ಆಂದ್ರೆ ದಾಸಿಯೇಯನ್ನು ಮದುವೆಯಾದಳು. ಆಮೇಲೆ ಇಲಿಯಡ್, ಒಡಿಸ್ಸಿ ಎರಡನ್ನೂ ಫ್ರೆಂಚ್ ಗದ್ಯಕ್ಕೆ ತಂದಳು. ಗ್ರೀಕ್ ಬಾರದ ಕವಿಯೊಬ್ಬ 1714ರಲ್ಲಿ ಹೋಮರನನ್ನು ಕತ್ತರಿಸಿ, 'ತಿದ್ದಿ' ಪದ್ಯ ಮಾಡಿದಾಗ, ಅದೇ ವರ್ಷ ಒಂದು ಇಡೀ ಪುಸ್ತಕ ಬರೆದು ಉತ್ತರ ಕೊಟ್ಟಳು. ಜಗತ್ತು ಇವತ್ತಿಗೂ ಆಕೆಯನ್ನು ಮದಾಮ್ ದಾಸಿಯೇ ಎಂದೇ ಕರೆಯುತ್ತದೆ. ಕನ್ನಡದ ಕಿವಿಗೆ ಆ ಹೆಸರು ಬೇರೆಯದೇ ಪ್ರಶ್ನೆ ಕೇಳಿದಂತೆ ಕೇಳಿಸುತ್ತದೆ. ಆಕೆಯಂತೂ ಯಾರ ದಾಸಿಯೂ ಆಗಿರಲಿಲ್ಲ.

ಎರಡನೆಯವಳದು ತಿರುವುಮುರುವು. ಆಲ್ಸೇಸ್‌ನ ಕ್ಯಾಥರೀನ್ ಹ್ಯೂಬ್ಶರ್ ಪ್ಯಾರಿಸ್ಸಿನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದವಳು. 1783ರಲ್ಲಿ ಸಿಪಾಯಿಗಿರಿಯಲ್ಲಿದ್ದ ಫ್ರಾಂಸ್ವಾ ಜೋಸೆಫ್ ಲಫೆವ್ರ್‌ನನ್ನು ಮದುವೆಯಾದಳು. ಕ್ರಾಂತಿ ಬಂತು, ನೆಪೋಲಿಯನ್ ಬಂದ, 1804ರಲ್ಲಿ ಗಂಡ ಮಾರ್ಷಲ್ ಆದ, ಡಾನ್‌ಸಿಗ್ ಗೆದ್ದು ಡ್ಯೂಕ್ ಆದ. ಅಗಸಗಿತ್ತಿ ಅರಮನೆಯ ಡಚೆಸ್! ಆಕೆಯ ಒರಟು ಮಾತಿಗೆ ದರಬಾರಿನವರು ಮುಸಿಮುಸಿ ನಕ್ಕರು, ಆಕೆ ಮಾತು ಬದಲಿಸಲಿಲ್ಲ. ಹುಟ್ಟಿದ ಅಷ್ಟೂ ಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡರು. 1820ರಲ್ಲಿ ಮಾರ್ಷಲ್ ಸತ್ತಾಗ ಆ ಪದವಿಯೂ ಕೊನೆಗೊಂಡಿತು. 1893ರ ನಾಟಕವೊಂದು ಆಕೆಯನ್ನು 'ಮದಾಮ್ ಸಾಂ-ಜೆನ್', ಅಂದರೆ 'ಸಂಕೋಚವಿಲ್ಲದಮ್ಮ' ಎಂದು ಮನೆಮಾತು ಮಾಡಿತು. ವಿಚಿತ್ರವೆಂದರೆ ಆ ಅಡ್ಡಹೆಸರೂ ಆಕೆಯದಲ್ಲ. ಸೈನ್ಯದಲ್ಲಿ ಕುದುರೆ ಏರಿ ಹೋರಾಡಿದ ತೆರೇಸ್ ಫಿಗರ್ ಎಂಬ ಇನ್ನೊಬ್ಬ ಹೆಂಗಸಿನದು.

ಇಷ್ಟಕ್ಕೂ ಈ ಇಬ್ಬರು ಗಂಡನ ಹೆಸರನ್ನು ಹೊತ್ತದ್ದು ಯಾವ ಕಾನೂನಿನಿಂದ? ನನಗೆ ನಿಜಕ್ಕೂ ಆಶ್ಚರ್ಯ ತಂದ ವಿಷಯ ಇದು. 1539ರಲ್ಲಿ ರಾಜ ಒಂದನೇ ಫ್ರಾಂಸ್ವಾ ಪಾದ್ರಿಗಳು ದೀಕ್ಷಾಸ್ನಾನದ ದಾಖಲೆ ಇಡಬೇಕೆಂದು ಆಜ್ಞೆ ಹೊರಡಿಸಿದ. ಹೆಸರುಗಳು ಕಾಗದದ ಮೇಲೆ ಗಟ್ಟಿಯಾಗತೊಡಗಿದವು. 1792ರಲ್ಲಿ ಆ ದಾಖಲೆ ಚರ್ಚಿನಿಂದ ಊರಾಡಳಿತದ ಕೈಗೆ ಬಂತು. ಕ್ರಾಂತಿಯ ಹುಮ್ಮಸ್ಸಿನಲ್ಲಿ ಜನ ಮನಬಂದಂತೆ ಹೆಸರು ಬದಲಿಸಿಕೊಳ್ಳತೊಡಗಿದಾಗ, 1794ರ ಆಗಸ್ಟ್ 23ರಂದು ಒಂದು ಕಾನೂನು ಬಂತು: ಜನನಪತ್ರದಲ್ಲಿ ಇರುವ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಯಾವ ಪ್ರಜೆಯೂ ಇಟ್ಟುಕೊಳ್ಳುವಂತಿಲ್ಲ. ಇದು ಹೆಂಗಸರಿಗೂ ಅನ್ವಯ. ಅಂದರೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಫ್ರಾನ್ಸಿನಲ್ಲಿ ಮದುವೆ ಹೆಣ್ಣಿನ ಹೆಸರನ್ನು ಬದಲಿಸಿಯೇ ಇಲ್ಲ! ಗಂಡನ ಹೆಸರು ಬಳಕೆಯ ಹೆಸರು ಮಾತ್ರ. ಆದರೂ ರೂಢಿ ಎಷ್ಟು ಬಲವೆಂದರೆ, ಅಲ್ಲಿನ ಅನೇಕ ಹೆಂಗಸರೇ ಅದು ಕಡ್ಡಾಯವೆಂದು ನಂಬಿದ್ದರು.

ಮಕ್ಕಳ ವಿಷಯದಲ್ಲಿ ಮಾತ್ರ ತಂದೆಯ ಹೆಸರೇ ನಡೆಯುತ್ತಿತ್ತು. 2005ರ ಜನವರಿ 1ರಿಂದ ತಾಯಿಯದು, ತಂದೆಯದು ಅಥವಾ ಎರಡೂ, ಯಾವುದನ್ನಾದರೂ ಕೊಡಬಹುದು. ಕಾನೂನಿನ ಮಾತೂ ಬದಲಾಯಿತು. 'ಪಿತೃನಾಮ' ಹೋಗಿ 'ಕುಟುಂಬದ ಹೆಸರು' ಬಂತು. 2012ರಲ್ಲಿ ಸರ್ಕಾರಿ ಅರ್ಜಿಗಳಿಂದ 'ಕುಮಾರಿ' ಎಂಬ ಖಾನೆಯನ್ನೇ ತೆಗೆಯಲು ಸೂಚನೆ ಹೋಯಿತು. 2022ರ ಜುಲೈ 1ರಿಂದ ವಯಸ್ಕರಾದ ಯಾರೇ ಆಗಲಿ ಜೀವನದಲ್ಲಿ ಒಮ್ಮೆ, ಕಾರಣ ಹೇಳದೆ, ತಾಯಿಯ ಮನೆತನದ ಹೆಸರನ್ನು ತಮ್ಮದಾಗಿಸಿಕೊಳ್ಳಬಹುದು. ಪುರಭವನಕ್ಕೆ ಹೋಗಿ ಅರ್ಜಿ ಕೊಡಬೇಕು, ಒಂದು ತಿಂಗಳಾದರೂ ಯೋಚಿಸಿ, ಮತ್ತೆ ಖುದ್ದಾಗಿ ಹೋಗಿ 'ಹೌದು, ಇದೇ ಬೇಕು' ಎಂದು ಹೇಳಿ ಬರಬೇಕು.