ಅಹಮ್ಮದಾಬಾದಿನ ಹೆಂಗಸರ ಬ್ಯಾಂಕು

ಬಡದೇಶಗಳ ಸ್ತ್ರೀಯರ ಉನ್ನತಿಗಾಗಿ ದ್ರವ್ಯಸಹಾಯ ಮಾಡಬೇಕೆಂಬ ಮಾತು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಭೆಗಳಲ್ಲಿಯೂ ಸರಕಾರಗಳ ವರದಿಗಳಲ್ಲಿಯೂ ಬಹಳವಾಗಿ ಕೇಳಿಬಂದಿತು. ಆ ಮಾತಿನಲ್ಲಿ ಕೊಡುವವನು ಒಂದು ಕಡೆಯಲ್ಲಿಯೂ, ಕೈಯೊಡ್ಡುವವಳು ಇನ್ನೊಂದು ಕಡೆಯಲ್ಲಿಯೂ ನಿಂತಿರುವಂತೆ ತೋರುವುದು. ಆದರೆ ಈ ದಿಕ್ಕಿನಲ್ಲಿ ಭಾರತದಲ್ಲಿ ನಡೆದ ಪ್ರಯತ್ನಗಳೊಳಗೆ ಗಣ್ಯವಾದುದೊಂದು ಹಾಗೆ ಹುಟ್ಟಲಿಲ್ಲ. ಅದಕ್ಕೆ ಮೂಲಧನವನ್ನು ಕೊಟ್ಟವರು ತರಕಾರಿ ಮಾರುವವರು, ತಲೆಹೊರೆ ಹೊರುವವರು, ಹಳೆಯ ಬಟ್ಟೆಯನ್ನು ಹೊಲಿದು ಒಗೆದು ಬೀದಿಯಲ್ಲಿ ವಿಕ್ರಯಿಸುವವರು. ಒಬ್ಬೊಬ್ಬಳು ಕೊಟ್ಟುದು ಹತ್ತು ರೂಪಾಯಿ.

ಅಹಮ್ಮದಾಬಾದು ಗಿರಣಿಗಳ ನಗರವೆಂದು ಹೆಸರಾಂತುದು. ೧೮೬೧ ರಲ್ಲಿ ರಣಛೋಡಲಾಲ ಛೋಟಾಲಾಲರು ಅಲ್ಲಿ ಮೊದಲನೆಯ ಹತ್ತಿಯ ಗಿರಣಿಯನ್ನು ನಡೆಯಿಸಿದರು. ೧೯೧೮ ರ ಮುಷ್ಕರವೂ, ಆಗ ಗಾಂಧೀಜಿಯವರು ಕೈಕೊಂಡ ಉಪವಾಸವೂ ವಾಚಕರಿಗೆ ತಿಳಿದೇ ಇವೆ. ಆ ಹೋರಾಟದ ಫಲವಾಗಿ ಅನಸೂಯಾಬೆನ್ ಸಾರಾಭಾಯಿಯವರ ಮುಂದಾಳುತನದಲ್ಲಿ ೧೯೨೦ ರಲ್ಲಿ ಮಜೂರ್ ಮಹಾಜನವೆಂಬ ಕಾರ್ಮಿಕಸಂಘವು ಸ್ಥಾಪಿತವಾಯಿತು. ಸಂಘವನ್ನು ಕಟ್ಟಿದವರಲ್ಲಿ ಅಗ್ರಗಣ್ಯಳು ಸ್ತ್ರೀಯೇ ಆಗಿದ್ದರೂ ಸ್ತ್ರೀಯರಿಗಾಗಿ ಅದರಲ್ಲಿ ಪ್ರತ್ಯೇಕ ವಿಭಾಗವು ಏರ್ಪಟ್ಟುದು ೧೯೫೪ ರಲ್ಲಿ. ಅದೂ ಗಿರಣಿಯಾಳುಗಳ ಹೆಂಡಿರು ಮಕ್ಕಳಿಗೆ ಹೊಲಿಗೆ ಕಸೂತಿಗಳನ್ನು ಕಲಿಸುವ ಮಟ್ಟಿಗೆ. ಗಂಡಸಿನ ಕೂಲಿಯೇ ಕೂಲಿ, ಹೆಂಗಸಿನದು ಅದಕ್ಕೆ ಒಗ್ಗರಣೆ ಎಂಬ ಭಾವನೆಯು ಒಳ್ಳೆಯ ಸಂಸ್ಥೆಗಳನ್ನೂ ಬಿಟ್ಟುದಲ್ಲ. ಮರುವರ್ಷ ಈ ಸಂಘದ ನ್ಯಾಯಶಾಖೆಯಲ್ಲಿ ಕೆಲಸಕ್ಕೆ ಸೇರಿದ ಇಲಾಬೆನ್ ಭಟ್ಟರು ೧೯೬೮ ರಲ್ಲಿ ಮಹಿಳಾ ವಿಭಾಗದ ಆಡಳಿತವನ್ನು ವಹಿಸಿಕೊಂಡರು.

೧೯೭೧ ರಲ್ಲಿ ಬಟ್ಟೆಪೇಟೆಯಲ್ಲಿ ಹೊರೆ ಹೊರುವ ಹೆಂಗಸರು ಅವರನ್ನು ಕಂಡು ತಮಗೆ ಸಲ್ಲುವ ಕೂಲಿಯ ಅನ್ಯಾಯವನ್ನು ಹೇಳಿಕೊಂಡರು. ಇಲಾಬೆನ್ನರು ಅದನ್ನು ವೃತ್ತಪತ್ರಿಕೆಯಲ್ಲಿ ಬರೆದರು. ವರ್ತಕರು ಸುಮ್ಮನಿರಲಾರದೆ, ತಾವು ಇಂತಿಂಥ ನ್ಯಾಯವಾದ ದರವನ್ನೇ ಕೊಡುತ್ತಿರುವೆವೆಂದು ಪ್ರತ್ಯುತ್ತರವನ್ನು ಅಚ್ಚುಮಾಡಿಸಿದರು. ಇಲಾಬೆನ್ನರು ಮಾಡಿದುದೇನೆಂದರೆ, ವರ್ತಕರ ಆ ಹೇಳಿಕೆಯನ್ನೇ ಚೀಟಿಗಳಲ್ಲಿ ಅಚ್ಚು ಹಾಕಿಸಿ ಹೊರೆಯಾಳುಗಳ ಕೈಗೆ ಕೊಟ್ಟರು. ಹೆಂಗಸರು ಅದನ್ನು ಮುಂದೊಡ್ಡಿ ಆ ದರವನ್ನು ಕೇಳತೊಡಗಿದರು. ಇದರ ಸುದ್ದಿ ಹಬ್ಬಿ ಹಳೆಬಟ್ಟೆಯ ವ್ಯಾಪಾರದವರೂ ಬಂದರು. ಅದೇ ವರ್ಷ ಸ್ವಾಶ್ರಯೀ ಮಹಿಳಾ ಸೇವಾ ಸಂಘವು ಹುಟ್ಟಿತು. ಇವರಿಗೆ ಯಜಮಾನನೇ ಇಲ್ಲವಲ್ಲ, ಯಾರ ವಿರುದ್ಧ ಕಾರ್ಮಿಕಸಂಘವೆಂದು ಸರಕಾರದ ಅಧಿಕಾರಿಗಳು ಆಕ್ಷೇಪಿಸಿದರು. ಸಂಘವಿರುವುದು ಒಬ್ಬನ ಮೇಲೆ ಬೀಳುವುದಕ್ಕಲ್ಲ, ದುಡಿಯುವವರು ಒಂದಾಗುವುದಕ್ಕೆ ಎಂಬ ಉತ್ತರವು ಕಡೆಗೆ ನಿಂತು, ೧೯೭೨ ರ ಏಪ್ರಿಲಿನಲ್ಲಿ ಸಂಘವು ನೋಂದಣಿಯಾಯಿತು.

ಸಂಘವಾದ ಮಾತ್ರಕ್ಕೆ ಸಾಹುಕಾರನ ಕೈಯಿಂದ ಬಿಡುಗಡೆಯಾಗಲಿಲ್ಲ. ಬೆಳಿಗ್ಗೆ ತರಕಾರಿ ಕೊಳ್ಳುವುದಕ್ಕೆ ಐವತ್ತು ರೂಪಾಯಿ ಕಡ ತಂದವಳು ಸಂಜೆಗೆ ಐವತ್ತೈದನ್ನು ಹಿಂದಿರುಗಿಸುವ ಪದ್ಧತಿಯಿದ್ದಿತು. ದಿವಸಕ್ಕೆ ನೂರಕ್ಕೆ ಹತ್ತರ ಬಡ್ಡಿ! ಇಂಥ ಬಡ್ಡಿಯನ್ನು ತೆತ್ತೂ ಸಾಲವನ್ನು ತೀರಿಸುತ್ತಿದ್ದವರನ್ನು ನಂಬಿಗೆಗೆ ಅರ್ಹರಲ್ಲವೆಂದು ದೊಡ್ಡ ಬ್ಯಾಂಕುಗಳು ಎಣಿಸುತ್ತಿದ್ದುದೇ ವಿಚಿತ್ರ. ೧೯೬೯ ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡು, ಬಡವರಿಗೂ ಸಾಲ ಕೊಡಬೇಕೆಂಬ ಆಜ್ಞೆ ಹೊರಟಿದ್ದಿತು. ಸಂಘವು ನಡುವೆ ನಿಂತು ತನ್ನ ಸದಸ್ಯೆಯರಿಗೆ ಅವುಗಳಿಂದ ಸಾಲ ಕೊಡಿಸಿತು. ಆದರೆ ಕಂಕುಳಲ್ಲಿ ಕೂಸು, ಮಾಸಿದ ಸೀರೆ, ಓದುಬರಹವಿಲ್ಲದ ಮಾತು; ಬ್ಯಾಂಕು ತೆರೆದಿರುವ ಹೊತ್ತೋ ವ್ಯಾಪಾರದ ಹೊತ್ತು. ಗುಮಾಸ್ತರ ತಾತ್ಸಾರವನ್ನು ಸಹಿಸಿ ತಂದ ಹಣವನ್ನು ಮನೆಯಲ್ಲಿಟ್ಟರೆ ಗಂಡನೋ ಮಗನೋ ಎತ್ತಿಕೊಂಡು ಹೋಗುವ ಭಯ.

೧೯೭೩ ರ ಕೊನೆಯಲ್ಲಿ ನಡೆದ ಸಭೆಯೊಂದರಲ್ಲಿ, ಹಳೆಬಟ್ಟೆ ಮಾರುವ ಹೆಂಗಸೊಬ್ಬಳು, ತಮ್ಮದೇ ಆದ ಬ್ಯಾಂಕೊಂದು ಏಕಾಗಬಾರದೆಂದು ಕೇಳಿದಳು. ಬಡವರಾದರೂ ತಾವು ಬಹುಮಂದಿ ಇರುವೆವೆಂಬುದೇ ಅವಳ ವಾದದ ಸಾರ. ಸುಮಾರು ನಾಲ್ಕು ಸಾವಿರ ಮಂದಿ ಹತ್ತು ಹತ್ತು ರೂಪಾಯಿಯ ಪಾಲನ್ನು ಕೊಂಡರು. ಈಗ ಸಹಕಾರ ಇಲಾಖೆಯ ಸರದಿ. ರುಜು ಹಾಕಲರಿಯದವರು ಬ್ಯಾಂಕನ್ನು ಹೇಗೆ ನಡೆಯಿಸುವರೆಂದು ಅಲ್ಲಿ ಸಂದೇಹಪಟ್ಟರು. ಪ್ರವರ್ತಕರಾದ ಹೆಂಗಸರು ರಾತ್ರಿಯೆಲ್ಲ ಕುಳಿತು, ತಂತಮ್ಮ ಹೆಸರಿನ ಅಕ್ಷರಗಳನ್ನು ಬರೆದು ಅಳಿಸಿ ಬರೆದು, ತಪ್ಪಿಲ್ಲದೆ ರುಜು ಹಾಕುವುದನ್ನು ಕಲಿತರು. ೧೯೭೪ ರ ಮೇ ತಿಂಗಳಲ್ಲಿ ಶ್ರೀ ಮಹಿಳಾ ಸೇವಾ ಸಹಕಾರಿ ಬ್ಯಾಂಕು ನೋಂದಣಿಯಾಯಿತು.

ಎಲ್ಲರಿಗೂ ಅಕ್ಷರಾಭ್ಯಾಸವಾಗುವವರೆಗೆ ಕಾದಿರುವುದು ಸಾಧ್ಯವಿರಲಿಲ್ಲ. ಆದ್ದರಿಂದ ಖಾತೆಯ ಸಂಖ್ಯೆಯನ್ನು ಬರೆದ ಸ್ಲೇಟನ್ನು ಕೈಯಲ್ಲಿ ಹಿಡಿಯಿಸಿ ಒಬ್ಬೊಬ್ಬಳ ಭಾವಚಿತ್ರವನ್ನು ತೆಗೆಯಿಸಿದರು. ರುಜುವಿನ ಬದಲು ಮುಖವೇ ಗುರುತಾಯಿತು. ಬ್ಯಾಂಕಿಗೆ ಬರಲಾರದವರ ಬಾಗಿಲಿಗೂ ಮಾರುಕಟ್ಟೆಗೂ ಬ್ಯಾಂಕಿನವರೇ ಹೋಗಿ ದಿನದ ಉಳಿತಾಯವನ್ನು ತರುತ್ತಿದ್ದರು. ಮೊದಲ ಎರಡು ವರ್ಷ ಠೇವಣಿಗಳನ್ನು ಕೂಡಿಹಾಕುತ್ತ, ಸಾಲವನ್ನು ಇತರ ಬ್ಯಾಂಕುಗಳಿಂದಲೇ ಕೊಡಿಸುತ್ತಿದ್ದು, ೧೯೭೬ ರಿಂದ ತನ್ನ ಹಣದಿಂದಲೇ ಸಾಲ ಕೊಡಲುಪಕ್ರಮಿಸಿತು. ಗಿರವಿಯಿಟ್ಟ ಒಡವೆಗಳನ್ನು ಬಿಡಿಸಿಕೊಳ್ಳುವುದಕ್ಕೂ ಸಾಲ ದೊರೆಯುತ್ತಿದ್ದಿತು. ವ್ಯಾಪಾರಕ್ಕಲ್ಲದೆ ಒಡವೆಗೆ ಸಾಲವೇ ಎಂದು ಅರ್ಥಶಾಸ್ತ್ರಜ್ಞರು ಹುಬ್ಬೇರಿಸಬಹುದು; ಆದರೆ ಸಾಹುಕಾರನ ಪೆಟ್ಟಿಗೆಯಲ್ಲಿರುವ ಬಳೆಗೆ ತಿಂಗಳು ತಿಂಗಳೂ ಬಡ್ಡಿ ತೆರುತ್ತಿದ್ದವಳಿಗೆ ಅದಕ್ಕಿಂತ ಲಾಭದ ವ್ಯಾಪಾರ ಬೇರೆಯಿರಲಿಲ್ಲ. ಜಮೀನನ್ನಾಗಲಿ ಮನೆಯನ್ನಾಗಲಿ ಬಿಡಿಸಲು ಸಾಲವೆತ್ತಿದರೆ ದಸ್ತೈವಜು ಹೆಂಗಸಿನ ಹೆಸರಿನಲ್ಲಿಯೇ ಆಗಬೇಕೆಂದು ಬ್ಯಾಂಕು ಹಟ ಹಿಡಿಯಿತು. ಈ ಒಂದು ನಿಬಂಧನೆಯು ಮನೆಯೊಳಗೆ ಮಾಡಿದ ಕೆಲಸವನ್ನು ಅನೇಕ ಉಪನ್ಯಾಸಗಳು ಮಾಡಲಾರವು.

೧೯೮೧ ರಲ್ಲಿ ವೈದ್ಯಕೀಯ ಶಿಕ್ಷಣದ ಮೀಸಲಾತಿಗೆ ವಿರೋಧವಾಗಿ ಅಹಮ್ಮದಾಬಾದಿನಲ್ಲಿ ಗಲಭೆಗಳೆದ್ದಾಗ ಸೇವಾ ಸಂಘವು ದಲಿತರ ಪಕ್ಷವಾಗಿ ಮಾತನಾಡಿತು. ಮಜೂರ್ ಮಹಾಜನಕ್ಕೆ ಇದು ಸಮ್ಮತವಾಗದೆ, ತಾಯಿಸಂಸ್ಥೆಯು ಮಗಳನ್ನು ಹೊರಹಾಕಿತು. ಮುಂದೆ ಕೆಲವೇ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿ ಸಹಸ್ರಾರು ಗಂಡಸರು ಕೆಲಸವನ್ನು ಕಳೆದುಕೊಂಡರು. ಎಷ್ಟೋ ಮನೆಗಳಲ್ಲಿ ಒಲೆಯುರಿದುದು ಹೆಂಗಸರ ಕೈಗಾಡಿಯಿಂದ, ಬೀಡಿಯಿಂದ, ಹೊಲಿಗೆಯಿಂದ. ಒಗ್ಗರಣೆಯೆನಿಸಿಕೊಂಡಿದ್ದುದೇ ಊಟವಾಯಿತು.

ಹೊರನಾಡಿನ ನೆರವು ಸಂಘಕ್ಕೆ ಬರಲಿಲ್ಲವೆಂದಲ್ಲ, ಬಂದಿತು. ಆದರೆ ಬ್ಯಾಂಕು ಅದಾಗಲೇ ತನ್ನ ಪಾಲುಗಾರ್ತಿಯರ ಹಣದ ಮೇಲೆ ನಿಂತಿದ್ದಿತು. ೧೯೭೫ ರಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದ ವಿಶ್ವಮಹಿಳಾ ಸಮ್ಮೇಳನದಲ್ಲಿ ಈ ಅನುಭವವು ಇನ್ನೊಂದು ದೇಶದ ಅನುಭವವನ್ನು ಸಂಧಿಸಿತು. ಆಫ್ರಿಕದ ಘಾನಾ ದೇಶದ ಎಸ್ತರ್ ಓಕ್ಲೂ ಎಂಬಾಕೆ, ಆ ನಾಡು ಇನ್ನೂ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಕಾಲದಲ್ಲಿ, ಬಂಧುವೊಬ್ಬಳು ಕೊಟ್ಟ ಹತ್ತು ಷಿಲಿಂಗಿನಿಂದ ಕಿತ್ತಳೆಯ ಪಾಕವನ್ನು ಮಾಡಿ ಬೀದಿಯಲ್ಲಿ ಮಾರಿ ವ್ಯಾಪಾರಕ್ಕೆ ತೊಡಗಿ ದೊಡ್ಡ ಉದ್ಯಮಿಯಾದವಳು. ಇಲಾಬೆನ್ನರ ಹತ್ತು ರೂಪಾಯಿಗೂ ಈಕೆಯ ಹತ್ತು ಷಿಲಿಂಗಿಗೂ ಹೊಂದಿಕೆಯಾಗುವುದು ಕಷ್ಟವಾಗಲಿಲ್ಲ. ಇವರೂ, ನ್ಯೂಯಾರ್ಕಿನ ಮಿಕೇಲಾ ವಾಲ್ಷರೂ, ಇತರರೂ ಕೂಡಿ ೧೯೭೯ ರಲ್ಲಿ ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ದಾನವನ್ನು ಹಂಚುವುದು ಅದರ ಮಾರ್ಗವಾಗಿರಲಿಲ್ಲ. ಸ್ಥಳೀಯ ಬ್ಯಾಂಕು ಹೆಂಗಸರಿಗೆ ಕೊಡುವ ಸಾಲದ ಒಂದು ಭಾಗಕ್ಕೆ ಜಾಮೀನು ನಿಲ್ಲುವುದು, ಉಳಿದ ಹೊಣೆಯನ್ನು ಆಯಾ ದೇಶದವರೇ ಹೊರುವಂತೆ ಮಾಡುವುದು, ಇದೇ ಅದರ ಕ್ರಮ.

ಕರ್ನಾಟಕದಲ್ಲಿಯೂ ಇದೇ ತತ್ತ್ವವು ಬೇರೊಂದು ದಾರಿಯಿಂದ ತಲೆದೋರಿತು. ಟಿಬೆಟ್ಟಿನ ನಿರಾಶ್ರಿತರ ವಸತಿಗಾಗಿ ೧೯೬೮ ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಬೆಳೆಸಹೋಗಿದ್ದಿತು. ೧೯೮೦ ರ ದಶಕದ ನಡುವಿನಲ್ಲಿ ಅವುಗಳಲ್ಲಿ ಕೆಲವು ಒಡೆದು, ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಮಂದಿಯ ಚಿಕ್ಕ ಗುಂಪುಗಳಾದುವು. ಒಡಕೆಂದು ಮರುಗದೆ ಸಂಸ್ಥೆಯು ಆ ಗುಂಪುಗಳನ್ನೇ ಪೋಷಿಸಿತು. ೧೯೮೭ ರಲ್ಲಿ ನಬಾರ್ಡು ಹತ್ತು ಲಕ್ಷ ರೂಪಾಯಿ ಕೊಟ್ಟಿತು. ಗುಂಪು ತಾನು ಮೊದಲು ಉಳಿಸಿದುದಕ್ಕೆ ಸರಿಹೊಂದಿಸಿ ಕೊಡತಕ್ಕ ಹಣವದು. ಮೊದಲಲ್ಲಿ ಗಂಡಸರೂ ಇದ್ದ ಈ ಗುಂಪುಗಳು ಬರಬರುತ್ತ ಬಹುಮಟ್ಟಿಗೆ ಹೆಂಗಸರವೇ ಆದುವು. ೧೯೯೨ ರಲ್ಲಿ ಇಂಥ ಐನೂರು ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವು ದೇಶದಲ್ಲಿ ಮೊದಲಾಯಿತು. ಸಾಲ ಕೇಳಲು ಬಂದ ಗುಂಪಿನಲ್ಲಿ ಬ್ಯಾಂಕಿನವರು ಆಗ ನೋಡಬೇಕಾದುದು ಹೊಲವನ್ನೂ ಅಲ್ಲ, ಒಡವೆಯನ್ನೂ ಅಲ್ಲ. ವಾರ ವಾರವೂ ಕೂಡಿಟ್ಟ ಉಳಿತಾಯದ ಲೆಕ್ಕದ ಪುಸ್ತಕವನ್ನು.