ಹೊಸ್ತಿಲು ದಾಟಿದ ಪ್ರಭುತ್ವ: 1896ರ ಪ್ಲೇಗು ಮತ್ತು ಹಂಚಿಹೋದ ಕನ್ನಡ ನಾಡು

1

ಇತಿಹಾಸದ ಅಭ್ಯಾಸಕ್ರಮದಲ್ಲಿ ಸಾಮಾಜಿಕ ಚರಿತ್ರೆ, ರಾಜಕೀಯ ಚರಿತ್ರೆ, ಆರೋಗ್ಯ ಚರಿತ್ರೆ ಎಂಬ ವಿಭಾಗಗಳು ಈಗ ರೂಢಿಗೆ ಬಂದಿವೆ. ಅಧ್ಯಾಪನದ ಅನುಕೂಲಕ್ಕಾಗಿ ಮಾಡಿಕೊಂಡ ಈ ವಿಂಗಡಣೆಯನ್ನು ವಿದ್ಯಾರ್ಥಿಗಳು ಅನೇಕ ವೇಳೆ ವಾಸ್ತವವೆಂದೇ ಭಾವಿಸುವುದುಂಟು. ಚಾಪೇಕರ್ ಸಹೋದರರ ಪ್ರಸಂಗ ಒಂದು ಪತ್ರಿಕೆಯಲ್ಲಿ ಬರುತ್ತದೆ. ಹಾಫ್ಕಿನ್ ಲಸಿಕೆಯ ಶೋಧ ಇನ್ನೊಂದರಲ್ಲಿ. ಸಾವಿತ್ರಿಬಾಯಿ ಫುಲೆಯವರ ಮರಣ ಮತ್ತೊಂದರಲ್ಲಿ. ಈ ಮೂರೂ 1897ರ ಒಂದೇ ವರ್ಷದ ಒಂದೇ ಮಾರಿಯ ಸುತ್ತ ನಡೆದ ಘಟನೆಗಳು ಎಂಬುದು ಮರೆತುಹೋಗುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗನ್ನು ಈ ಮೂರು ವಿಭಾಗಗಳೂ ಕೂಡುವ ಜಾಗವಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದರೊಂದಿಗೆ, ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಜನತೆಯ ಅನುಭವವನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಯನ್ನೂ ನಾವು ಎತ್ತಿಕೊಳ್ಳಬಯಸುತ್ತೇವೆ.

'ಮಾರಿ' ಎಂಬ ಮಾತು ಕನ್ನಡಕ್ಕೆ ಹೊಸತಲ್ಲ. ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ಕಥೆ ತೆರೆದುಕೊಳ್ಳುವುದೇ ಚಂಡಮಾರಿಯ ಗುಡಿಯಲ್ಲಿ. ಅಲ್ಲಿ ಮಾರಿಯು ಬಲಿ ಬೇಡುವ ದೇವತೆ. ರಾಜನು ಅವಳ ಭಕ್ತ. ರೋಗ, ದೈವ, ಅರಸೊತ್ತಿಗೆ ಈ ಮೂರರ ನಂಟನ್ನು ನಮ್ಮ ಭಾಷೆ ಬಹಳ ಹಿಂದೆಯೇ ಕಂಡುಕೊಂಡಿತ್ತು. ಆದರೆ ಮಾರಿಯ ಹೆಸರಿನಲ್ಲಿ ಅರಸನ ಭಟರು ಪ್ರಜೆಯ ಅಡುಗೆಮನೆಯನ್ನು ಹೊಕ್ಕು ಶೋಧಿಸುವುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಜನ ಕಂಡ ಹೊಸ ಸಂಗತಿ.

2

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗು ಹಬ್ಬಿದಾಗ ಯೆರ್ಸಿನ್ ಮತ್ತು ಕಿಟಸಾಟೊ ಅದರ ರೋಗಾಣುವನ್ನು ಪತ್ತೆಹಚ್ಚಿದ್ದರು. ಎರಡು ವರ್ಷಗಳ ಬಳಿಕ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿ ಬಂದರಿಗೆ ಹತ್ತಿರದ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೇಗಸ್ ಎಂಬ ವೈದ್ಯರು ಈ ರೋಗವನ್ನು ಗುರುತಿಸಿದರು. ಧಾನ್ಯದ ಗೋದಾಮುಗಳೂ ಇಕ್ಕಟ್ಟಾದ ಚಾಳುಗಳೂ ಒತ್ತೊತ್ತಾಗಿ ನೆರೆದಿದ್ದ ಸ್ಥಳವದು. ಇಲಿಗಳಿಗೆ ಅದಕ್ಕಿಂತ ಪ್ರಶಸ್ತವಾದ ನೆಲೆ ಬೇರೆ ಬೇಕಿರಲಿಲ್ಲ.

ರೋಗಾಣು ಪತ್ತೆಯಾಗಿದ್ದರೂ ಅದು ಹರಡುವ ಬಗೆ ತಿಳಿದಿರಲಿಲ್ಲ ಎಂಬ ಅಂಶವನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಕೊಳೆ, ದುರ್ಗಂಧ, ಗಾಳಿಬೆಳಕಿಲ್ಲದ ಮನೆ ಇವೇ ರೋಗದ ಮೂಲವೆಂಬ ಹಳೆಯ ನಂಬಿಕೆಯೇ ಅಧಿಕಾರಿಗಳ ಕ್ರಮಗಳನ್ನು ರೂಪಿಸಿತು. ಚರಂಡಿಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಹರಿಸಲಾಯಿತು. ಗೋಡೆಗಳಿಗೆ ಸುಣ್ಣ ಬಳಿಯಲಾಯಿತು, ಹಾಸಿಗೆ ಬಟ್ಟೆಗಳನ್ನು ಸುಡಲಾಯಿತು, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಲಾಯಿತು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಪೌಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆದರೆ ಸರಕಾರವೇ ನೇಮಿಸಿದ ಪ್ಲೇಗು ಆಯೋಗವು ಆ ವಾದಕ್ಕೆ ಮನ್ನಣೆ ನೀಡಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ಸಂಶೋಧನೆಗಳಿಂದಲೇ ಅದು ಸ್ಥಿರಪಟ್ಟಿತು. ಜನರ ಮೇಲೆ ಅತಿ ಕಠಿಣ ಕ್ರಮಗಳನ್ನು ಹೇರಿದ ಎರಡು ವರ್ಷಗಳು ರೋಗದ ಬಗೆಗಿನ ಅಜ್ಞಾನದ ವರ್ಷಗಳೂ ಆಗಿದ್ದವು.

ಜನಸಾಮಾನ್ಯರಲ್ಲಿ ಬೇರೊಂದು ತಿಳಿವಳಿಕೆಯಿತ್ತು. 'ಇಲಿ ಬಿತ್ತು' ಎಂಬ ಮಾತು ಕನ್ನಡ ಊರುಗಳಲ್ಲಿ ಊರು ಬಿಡುವ ಸೂಚನೆಯಾಗಿ ನೆಲೆಗೊಂಡಿತು. ಇಲಿಗಳು ಸತ್ತು ಬಿದ್ದೊಡನೆ ಮನೆಗೆ ಬೀಗ ಹಾಕಿ ಹೊಲಗಳಲ್ಲಿ, ತೋಪುಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವುದು ವಾಡಿಕೆಯಾಯಿತು. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯ ಅಗ್ರಹಾರದಲ್ಲಿ ಇಲಿಗಳು ಸತ್ತುಬೀಳುವ ಚಿತ್ರಕ್ಕೆ ಈ ಸಾಮೂಹಿಕ ಸ್ಮೃತಿಯೇ ಆಧಾರ. ಈ ತಿಳಿವಳಿಕೆಯನ್ನು ಅತಿಯಾಗಿ ವೈಭವೀಕರಿಸಬೇಕಾಗಿಲ್ಲ. ಊರು ಬಿಟ್ಟವರು ತಮ್ಮ ಗಂಟುಮೂಟೆಗಳೊಂದಿಗೆ ರೋಗವನ್ನು ಇನ್ನೊಂದು ಊರಿಗೆ ಒಯ್ದದ್ದೂ ಉಂಟು. ಆದರೂ ಇಲಿಗೂ ರೋಗಕ್ಕೂ ಇರುವ ಸಂಬಂಧವನ್ನು ಆಯೋಗ ಕಡೆಗಣಿಸಿದ ಕಾಲದಲ್ಲಿ ಜನ ಅದನ್ನು ನಂಬಿ ನಡೆದರು ಎಂಬುದು ಸಣ್ಣ ಸಂಗತಿಯಲ್ಲ.

3

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂದಿತು. ಕೇವಲ ನಾಲ್ಕು ಪರಿಚ್ಛೇದಗಳ ಈ ಪುಟ್ಟ ಕಾನೂನು ಸರಕಾರಕ್ಕೆ ತನಗೆ ಅಗತ್ಯವೆನಿಸಿದ ಯಾವುದೇ ನಿಯಮವನ್ನು ವಿಧಿಸುವ ಅಧಿಕಾರವನ್ನು ನೀಡಿತು. ಮೀರಿದವರಿಗೆ ಶಿಕ್ಷೆಯನ್ನು ಗೊತ್ತುಪಡಿಸಿತು. ಸದುದ್ದೇಶದಿಂದ ವರ್ತಿಸಿದ ಅಧಿಕಾರಿಯ ಮೇಲೆ ದಾವೆ ಹೂಡದಂತೆ ತಡೆಯಿತು. ರೋಗಿಯ ಹಕ್ಕುಗಳ ಬಗೆಗಾಗಲಿ, ಸುಟ್ಟ ವಸ್ತುಗಳ ಪರಿಹಾರದ ಬಗೆಗಾಗಲಿ ಅದು ಏನನ್ನೂ ಖಚಿತವಾಗಿ ಹೇಳಲಿಲ್ಲ.

ಈ ಅಧಿಕಾರದ ಉಗ್ರ ರೂಪವನ್ನು ಪುಣೆ ಕಂಡಿತು. ಡಬ್ಲ್ಯು. ಸಿ. ರ‍್ಯಾಂಡ್ ಅಧ್ಯಕ್ಷರಾಗಿದ್ದ ಪ್ಲೇಗು ಸಮಿತಿಯು 1897ರ ಮಾರ್ಚಿನಿಂದ ಮನೆಮನೆ ಶೋಧಕ್ಕೆ ಸೈನಿಕರನ್ನು ಬಳಸಿತು. ಬೂಟು ಧರಿಸಿದ ಸಿಪಾಯಿಗಳು ದೇವರಮನೆಯನ್ನೂ ಅಡುಗೆಮನೆಯನ್ನೂ ಹೊಕ್ಕರು, ನೆಲ ಅಗೆದರು, ಸಾಮಾನುಗಳನ್ನು ಬೀದಿಗೆ ಎಸೆದರು. ಪ್ಲೇಗಿನ ಗಡ್ಡೆ ಕಾಣಿಸುವುದು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಆದುದರಿಂದ ತಪಾಸಣೆಯೆಂದರೆ ಮೈ ಮುಟ್ಟುವುದೇ ಆಗಿತ್ತು. ರೈಲು ನಿಲ್ದಾಣಗಳಲ್ಲಿ ಸ್ತ್ರೀಯರನ್ನು ಪರೀಕ್ಷಿಸಿದ ರೀತಿ ವಿಶೇಷ ಕ್ಷೋಭೆಗೆ ಕಾರಣವಾಯಿತು.

ವಿರೋಧವು ಏಕರೂಪದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮಡಿಮೈಲಿಗೆಯ ಭಂಗ ಮೇಲುಜಾತಿಗಳ ದೂರಿನಲ್ಲಿ ಮುಂದಾಗಿ ಕಾಣುತ್ತದೆ. ದುಡಿದು ತಿನ್ನುವವನಿಗೆ ಶಿಬಿರವಾಸವೆಂದರೆ ಅಂದಿನ ಕೂಲಿಯ ನಷ್ಟ, ಬಿಟ್ಟುಬಂದ ಮನೆಯ ನಷ್ಟ. 1896ರ ಅಕ್ಟೋಬರಿನಲ್ಲಿ ಮುಂಬಯಿಯ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿಯಿಟ್ಟವರು ಗಿರಣಿ ಕಾರ್ಮಿಕರು. 1898ರ ಮಾರ್ಚಿನ ಮುಂಬಯಿ ದೊಂಬಿ ಆರಂಭವಾದದ್ದು ಮದನಪುರದ ಮುಸ್ಲಿಂ ನೇಕಾರರ ಕೇರಿಯಲ್ಲಿ, ಬಾಲಕಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯಲು ಬಂದವರನ್ನು ತಡೆದಾಗ. ಆಸ್ಪತ್ರೆಗೆ ಹೋದವರಲ್ಲಿ ಮರಳಿ ಬಂದವರು ವಿರಳವಾಗಿದ್ದಾಗ ಅದನ್ನು ಸಾವಿನ ಮನೆಯೆಂದು ಜನ ಭಾವಿಸಿದ್ದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಲಾಗದು.

ಇದೇ ಪುಣೆಯಲ್ಲಿ ಇನ್ನೊಂದು ಬಗೆಯ ಪ್ರತಿಸ್ಪಂದನವೂ ಇತ್ತು. ಸಾವಿತ್ರಿಬಾಯಿ ಫುಲೆಯವರು ದತ್ತುಪುತ್ರ ಡಾ. ಯಶವಂತರೊಂದಿಗೆ ನಗರದ ಹೊರಗೆ ರೋಗಿಗಳ ಶುಶ್ರೂಷೆಗೆ ನಿಂತರು. ಆ ಕಾರ್ಯದಲ್ಲಿಯೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಇಂದಿನ ಕರ್ನಾಟಕದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಸ್ತ್ರೀಯರಿಗಿದ್ದ ಅಭದ್ರತೆಯನ್ನು ಪತ್ರಿಕೆಯ ಮೂಲಕ ಬಹಿರಂಗಪಡಿಸಿದರು. ಪ್ರಭುತ್ವ ಮತ್ತು ಪರಂಪರೆ ಎಂಬ ಎರಡೇ ಪಕ್ಷಗಳಾಗಿ ಈ ಚರಿತ್ರೆಯನ್ನು ಒಡೆದು ನೋಡುವವರಿಗೆ ಈ ಇಬ್ಬರು ಮಹಿಳೆಯರು ಎಲ್ಲಿಯೂ ಸಿಗುವುದಿಲ್ಲ.

4

ರೋಗವು ರಾಜಕೀಯವಾಗಿ ಪರಿಣಮಿಸಿದ ಕ್ರಮ ಸುಪರಿಚಿತವಾದುದರಿಂದ ಸಂಕ್ಷೇಪವಾಗಿ ಹೇಳಬಹುದು. 1897ರ ಜೂನ್ 22ರಂದು, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ, ಪುಣೆಯ ಗಣೇಶಖಿಂಡ್ ರಸ್ತೆಯಲ್ಲಿ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಅಯರ್ಸ್ಟ್ ಗುಂಡೇಟಿಗೆ ಗುರಿಯಾದರು. ದಾಮೋದರ ಚಾಪೇಕರರಿಗೆ 1898ರಲ್ಲಿಯೂ ಅವರ ಇಬ್ಬರು ಸಹೋದರರಿಗೆ 1899ರಲ್ಲಿಯೂ ಗಲ್ಲಾಯಿತು. ಬಾಲಗಂಗಾಧರ ತಿಲಕರಿಗೆ 'ಕೇಸರಿ'ಯ ಬರಹಗಳಿಗಾಗಿ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಮರುವರ್ಷ, 1898ರಲ್ಲಿ, ದಂಡಸಂಹಿತೆಯ 124ಎ ಪರಿಚ್ಛೇದವನ್ನು ವಿಸ್ತರಿಸಲಾಯಿತು. 153ಎ ಹೊಸದಾಗಿ ಸೇರಿತು. ಮುಂದಿನ ತಲೆಮಾರುಗಳ ಪತ್ರಕರ್ತರನ್ನೂ ಲೇಖಕರನ್ನೂ ಕಾಡಿದ ಕಾನೂನುಗಳು ತಮ್ಮ ಹರಿತವಾದ ರೂಪವನ್ನು ಪಡೆದದ್ದು ಪ್ಲೇಗಿನ ಈ ಬಿಕ್ಕಟ್ಟಿನ ಬೆನ್ನಿಗೇ.

ಗೋಪಾಲಕೃಷ್ಣ ಗೋಖಲೆಯವರ ಪ್ರಸಂಗ ಸಂಶೋಧಕರಾದ ನಮಗೆ ಹೆಚ್ಚು ಮನನೀಯವಾದುದು. ಆಗ ಇಂಗ್ಲೆಂಡಿನಲ್ಲಿದ್ದ ಅವರು ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರಿಂದ ಸ್ತ್ರೀಯರ ಮಾನಭಂಗವಾಗಿದೆಯೆಂದು ಅಲ್ಲಿಯ ಪತ್ರಿಕೆಯಲ್ಲಿ ಆಪಾದಿಸಿದರು. ಸ್ವದೇಶಕ್ಕೆ ಮರಳಿದಾಗ ಅದನ್ನು ಸಾಬೀತುಪಡಿಸಲಾಗದೆ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಪುರಾವೆ ಒದಗಲಿಲ್ಲವೆಂದರೆ ಅನ್ಯಾಯ ನಡೆಯಲಿಲ್ಲ ಎಂದು ಅರ್ಥವೇ? ಮಾನಹಾನಿಯ ಭಯದಿಂದ ಯಾವ ಕುಟುಂಬವೂ ಸಾಕ್ಷಿ ಹೇಳಲು ಮುಂದೆ ಬಾರದ ಸಮಾಜದಲ್ಲಿ ಸರಕಾರಿ ಕಡತದ ಮೌನವನ್ನು ಹೇಗೆ ಓದಬೇಕು? ಹಾಗೆಂದು ಪ್ರತಿಯೊಂದು ವದಂತಿಯನ್ನೂ ಸತ್ಯವೆಂದು ಬರೆಯಲೂ ಬಾರದು. ಈ ಎರಡು ಎಚ್ಚರಗಳ ನಡುವೆಯೇ ಚರಿತ್ರಕಾರನು ನಡೆಯಬೇಕಾಗಿದೆ.

5

ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಸರಕಾರದ ನಿಯಮಗಳಿಗೇ ಒಳಪಟ್ಟಿದ್ದವು. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರವಿದ್ದ ಹುಬ್ಬಳ್ಳಿಗೆ ರೋಗ ಬೇಗ ತಲುಪಿತು. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡಿದ್ದರು. ಆ ಲಸಿಕೆಯನ್ನು ವ್ಯಾಪಕವಾಗಿ ಬಳಸಿದ ಮೊದಮೊದಲ ಪಟ್ಟಣಗಳಲ್ಲಿ 1898ರ ಹುಬ್ಬಳ್ಳಿ ಒಂದು. ಲಸಿಕೆ ಹಾಕಿಸಿಕೊಂಡವರಿಗೆ ಪ್ಲೇಗು ನಿರ್ಬಂಧಗಳಿಂದ ವಿನಾಯಿತಿ ನೀಡುವ ಪ್ರಮಾಣಪತ್ರ ಮುಂಬಯಿ ಪ್ರಾಂತದಲ್ಲಿ ಬಳಕೆಗೆ ಬಂದಿತ್ತು. ಬಲವಂತವು ಸೋತಲ್ಲಿ ಮನವೊಲಿಕೆ ಕೆಲಸಕ್ಕೆ ಬಂದಿತು ಎಂಬುದು ಇಲ್ಲಿಯ ಪಾಠ. ಶತಮಾನ ಮುಗಿಯುವ ವೇಳೆಗೆ ಸರಕಾರವೂ ಇದನ್ನು ಒಪ್ಪಿಕೊಂಡು ಕಠೋರ ಕ್ರಮಗಳಿಂದ ಹಿಂದೆ ಸರಿಯಿತು.

ರೈಲಿನ ಹಾದಿಯಲ್ಲಿಯೇ 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಜನಗಣತಿಯ ಪ್ರಕಾರ 1891ರಲ್ಲಿ 80,285 ಇದ್ದ ಬೆಂಗಳೂರು ನಗರದ ಜನಸಂಖ್ಯೆ 1901ಕ್ಕೆ 69,447ಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ ಮುಂಬಯಿಯದು 8,21,764ರಿಂದ 7,76,006ಕ್ಕೆ ಇಳಿಯಿತು. ಮೃತರು, ಊರು ಬಿಟ್ಟವರು ಇಬ್ಬರೂ ಈ ಇಳಿಕೆಯಲ್ಲಿ ಸೇರಿದ್ದಾರೆ. ಮೈಸೂರು ದೇಶೀಯ ಸಂಸ್ಥಾನವಾಗಿದ್ದುದರಿಂದ ಅಲ್ಲಿ ಜನರ ಅಸಮಾಧಾನ ಇರಲಿಲ್ಲವೆಂದು ತಿಳಿಯುವುದು ತಪ್ಪು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿಯೇ ಪ್ಲೇಗು ನಿಯಮಗಳ ವಿರುದ್ಧ ಗಲಭೆ ನಡೆಯಿತು. ಪರಕೀಯ ಆಳ್ವಿಕೆ ಎಂಬುದೊಂದೇ ಪ್ರತಿರೋಧಕ್ಕೆ ಕಾರಣವಾಗಿರಲಿಲ್ಲ. ಹೊಸ್ತಿಲು ದಾಟುವ ಆಡಳಿತ ಯಾರದ್ದೇ ಆಗಲಿ, ಜನ ಅದನ್ನು ಎದುರಿಸಿದರು.

ಪ್ಲೇಗು ನಮ್ಮ ನಗರಗಳ ನಕ್ಷೆಯನ್ನೂ ಬದಲಿಸಿತು. ಆಗಲೇ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ತುಂಬಿಕೊಳ್ಳಲು ಅದೇ ಪ್ರೇರಣೆಯಾಯಿತು. ಮುಂಬಯಿಯಲ್ಲಿ 1898ರಲ್ಲಿಯೂ ಮೈಸೂರಿನಲ್ಲಿ 1903ರಲ್ಲಿಯೂ ನಗರ ಸುಧಾರಣಾ ಮಂಡಳಿಗಳು ಸ್ಥಾಪನೆಗೊಂಡವು. ಮುಂಬಯಿಯ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗ ಕೂಡ ಆ ಮಂಡಳಿಯ ದಾದರ್–ಮಾಟುಂಗ ಯೋಜನೆಯ ಫಲ. ಅಗಲವಾದ ಆ ರಸ್ತೆಗಳಲ್ಲಿ ನಡೆದಾಡುವ ನಮ್ಮವರಲ್ಲಿ ಎಷ್ಟು ಮಂದಿಗೆ ಆ ಅಗಲದ ಹಿಂದಿನ ಭಯ ನೆನಪಿಗೆ ಬರುತ್ತದೆ? ಹಳೆಯ ನಗರದಲ್ಲಿ ಕೆಡವಲ್ಪಟ್ಟ ಮನೆಗಳ ಬಡ ಬಾಡಿಗೆದಾರರಿಗೆಲ್ಲ ಹೊಸ ಬಡಾವಣೆಯಲ್ಲಿ ಜಾಗ ದೊರೆಯಲಿಲ್ಲ ಎಂಬುದನ್ನೂ ಜೊತೆಗೇ ನೆನೆಯಬೇಕು.

6

1897ರ ಕಾಯ್ದೆ ಗ್ರಂಥಾಲಯದ ಧೂಳಿನಲ್ಲಿ ಉಳಿದುಹೋದ ದಾಖಲೆಯಲ್ಲ. 123 ವರ್ಷಗಳ ತರುವಾಯ, 2020ರ ಮಾರ್ಚಿನಲ್ಲಿ, ಕೋವಿಡ್ ಬಂದಾಗ ರಾಜ್ಯಗಳು ಮೊದಲು ಕೈಗೆತ್ತಿಕೊಂಡದ್ದು ಅದನ್ನೇ. ಆರೋಗ್ಯ ಕಾರ್ಯಕರ್ತರ ಮೇಲಿನ ಹಲ್ಲೆಗೆ ಶಿಕ್ಷೆ ವಿಧಿಸುವ ತಿದ್ದುಪಡಿ ಆ ವರ್ಷವೇ ಬಂದಿತು. ಕರ್ನಾಟಕವು ತನ್ನದೇ ಆದ ಕಾಯ್ದೆಯನ್ನೂ ರೂಪಿಸಿಕೊಂಡಿತು. ಕೂಲಿ ಕಳೆದುಕೊಂಡು ನಗರ ಬಿಟ್ಟು ನಡೆದ ಕಾರ್ಮಿಕರನ್ನು ಆಗ ಕಂಡವರಿಗೆ 1897ರ ಮುಂಬಯಿಯ ರೈಲು ನಿಲ್ದಾಣಗಳ ವರ್ಣನೆ ಅಪರಿಚಿತವೆನಿಸದು. ಎರಡು ಕಾಲಗಳೂ ಒಂದೇ ಎನ್ನುವುದು ನಮ್ಮ ವಾದವಲ್ಲ. ವಿಜ್ಞಾನ ಬೆಳೆದಿದೆ, ಪ್ರಜೆ ಮತದಾರನಾಗಿದ್ದಾನೆ. ಆದರೆ ರೋಗಿಯನ್ನು ಮೊದಲು ಶಂಕಿತನಂತೆ ಕಾಣುವ ಆಡಳಿತದ ಅಭ್ಯಾಸ ಎಲ್ಲಿಂದ ಬಂದಿತೆಂದು ಕೇಳುವ ಹಕ್ಕು ಚರಿತ್ರೆಯ ವಿದ್ಯಾರ್ಥಿಗೆ ಇದೆ.

ಅಂದು ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಅವರ ಪ್ಲೇಗಿನ ಕಡತಗಳೂ ಹಾಗೆಯೇ ಹಂಚಿಹೋಗಿವೆ. ಧಾರವಾಡದ ಅರ್ಜಿ ಮುಂಬಯಿಯ ಪತ್ರಾಗಾರದಲ್ಲಿರಬಹುದು, ಬಳ್ಳಾರಿಯದು ಚೆನ್ನೈನ ಎಗ್ಮೋರಿನಲ್ಲಿ, ರಾಯಚೂರು–ಕಲಬುರಗಿಯದು ಹೈದರಾಬಾದಿನಲ್ಲಿ, ಮೇಲಿನ ಹಂತದ ಪತ್ರವ್ಯವಹಾರ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ. ಹೊರನಾಡಿನಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಗಳು ನಾಡಿನಿಂದ ದೂರವಿದ್ದೇವೆಂದು ಕೊರಗುವುದನ್ನು ನಾವು ಕೇಳಿದ್ದೇವೆ. ಈ ವಿಷಯದ ಮಟ್ಟಿಗೆ ಅವರೇ ಆಕರಗಳಿಗೆ ಹತ್ತಿರದವರು. ಮೋಡಿ ಲಿಪಿಯನ್ನೋ ಉರ್ದುವನ್ನೋ ಅಷ್ಟಿಷ್ಟು ಕಲಿತ ಒಬ್ಬ ಕನ್ನಡ ವಿದ್ಯಾರ್ಥಿ ಆ ಕಡತಗಳ ಮುಂದೆ ಕುಳಿತರೆ, ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕಳೆದು ಊರಿಗೆ ಮರಳಿದವರ ದನಿ ಅರ್ಜಿಯ ಅಂಚಿನಲ್ಲಾದರೂ ಕೇಳಿಸಬಹುದು. ಆ ಕೆಲಸ ಇನ್ನೂ ಬಹುಮಟ್ಟಿಗೆ ಬಾಕಿಯಿದೆ.